ಎರಡು ಹಿಡಿಗಳ ಚೀಲ

ಅಂಗಡಿಯವನು ಹಲಗೆಯ ಮೇಲೆ ಹರಡಿಟ್ಟ ಸಾಮಾನುಗಳಲ್ಲಿ ಅಕ್ಕನ ಕೈ ಮೊದಲು ಹೋದದ್ದು ಸೀಟಿಯ ಕಡೆಗೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನದು, ಹೆಬ್ಬೆರಳಿಗಿಂತ ಚಿಕ್ಕದು, ಕೊರಳಿಗೆ ಹಾಕಿಕೊಳ್ಳಲು ಒಂದು ದಾರ. ಗೋಡೆ ಬಿದ್ದು ಅದರಡಿ ಸಿಕ್ಕಿಕೊಂಡವರಿಗೆ ಕೂಗಿ ಕೂಗಿ ಗಂಟಲು ಕಟ್ಟಿಹೋಗುತ್ತದಂತೆ, ಆದರೆ ಉಸಿರು ಇರುವ ತನಕ ಇದನ್ನು ಊದಬಹುದಂತೆ. ಅಂಗಡಿಯವನು ಬೇರೆ ಯಾರಿಗೋ ನಲ್ಲಿ ತೋರಿಸುತ್ತಾ, ಅತ್ತ ಮುಖ ಮಾಡಿಕೊಂಡೇ ಇದನ್ನು ಹೇಳಿದ. ಅವಳಿಗೆ ಮಾತ್ರ ಬೆನ್ನ ಮೇಲೆ ಯಾರೋ ತಣ್ಣನೆಯ ಬೆರಳಿಟ್ಟ ಹಾಗಾಯಿತು. ಉಸಿರು ಇರುವ ತನಕ. ಮನುಷ್ಯ ಉಳಿದದ್ದೆಲ್ಲ ಕಳೆದುಕೊಂಡ ಮೇಲೂ ಅವನ ಬಳಿ ಇಷ್ಟು ಇರುತ್ತದೆ ಎಂದು ಯಾರೋ ಎಲ್ಲೋ ಕೂತು ಯೋಚಿಸಿ, ಅದಕ್ಕೆ ತಕ್ಕ ಅಳತೆಯಲ್ಲಿ ಒಂದು ವಸ್ತು ಮಾಡಿ, ದಾರ ಪೋಣಿಸಿ, ಇಲ್ಲಿಯವರೆಗೂ ಕಳಿಸಿದ್ದಾರೆ. ಜನರ ಮೈ ಅಳೆದು ಬಟ್ಟೆ ಕತ್ತರಿಸಿಯೇ ತಲೆ ಬೆಳ್ಳಗೆ ಮಾಡಿಕೊಂಡವಳು ಅವಳು. ಇಂಥ ಅಳತೆ ತೆಗೆದ ಕೈ ಯಾರದಿರಬಹುದು ಎಂದು ಸೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಊದಿ ನೋಡಿ ಅಮ್ಮ, ಊದಿದ್ರೆ ಸವೆಯೋದಿಲ್ಲ,” ಎಂದ ಅಂಗಡಿಯವನು.

“ಬೀದಿಯವರೆಲ್ಲ ಓಡಿ ಬಂದ್ರೆ?”

“ಬರಲಿ ಬಿಡಿ, ಒಬ್ಬೊಬ್ಬರಿಗೆ ಒಂದೊಂದು ಮಾರ್ತೀನಿ.”

ಅವಳ ಮನೆಯ ಎದುರಿಗೇ ಬೀಗ ರಿಪೇರಿ ಮಾಡುವವನು ಅಲ್ಲೇ ಮೂಲೆಯಲ್ಲಿ ಮೊಳೆ ಆರಿಸುತ್ತಿದ್ದ. ತಲೆ ಎತ್ತದೆಯೇ ಅಂದ: “ಅಕ್ಕಂಗೆ ಸೀಟಿ ಯಾಕಪ್ಪ? ದಿಂಬಿದೆಯಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ನಗದೆ ಹೋದರೆ ಮಾತು ಬೆಳೆಯುತ್ತದೆ. ಕೆಲವು ತಿಂಗಳ ಹಿಂದೆ ನೆಲ ನಡುಗಿದ ಆ ಮಧ್ಯಾಹ್ನ ಇಡೀ ಬೀದಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಹೊರಗೆ ಬಂದಿತ್ತು. ಮಹಡಿ ಮನೆಯವಳು ಪೊರಕೆ ಹಿಡಿದುಕೊಂಡು, ಈ ಬೀಗದವನೇ ಅರ್ಧ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿಕೊಂಡು. ಆದರೆ ಹೆಸರು ಅಂಟಿಕೊಂಡದ್ದು ದಿಂಬು ತಬ್ಬಿಕೊಂಡು ನಿಂತಿದ್ದ ಅವಳೊಬ್ಬಳಿಗೆ. ದಿಂಬಕ್ಕ. ಹೆಸರಿನದೇನೂ ದೊಡ್ಡ ನೋವಲ್ಲ, ಒಗೆದರೆ ಹೋಗುವ ಕಲೆ ಅದು. ಹೋಗದೆ ಉಳಿದದ್ದು ಬೇರೆ ಇತ್ತು. ಹುಟ್ಟಿನಿಂದ ಕಿವಿ ಕೇಳದ ತಂಗಿ ಆ ಹೊತ್ತಿನಲ್ಲಿ ಮುಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಚಾಪೆ ಹಾಕಿಕೊಂಡು ಮಲಗಿದ್ದಳು. ಅಕ್ಕ ಒಳಕೋಣೆಯ ಮಂಚದ ಮೇಲಿದ್ದಳು. ಮುಂದಿನ ಕೋಣೆಗೆ ಎಷ್ಟು ದೂರವೋ ಹಿತ್ತಿಲ ಬಾಗಿಲಿಗೂ ಅಷ್ಟೇ ದೂರ. ಅವಳ ಕಾಲು ಹಿತ್ತಿಲ ಬಾಗಿಲಿಗೆ ಓಡಿತು. ತಾನು ಓಡಿದೆ ಎಂದು ಅವಳಿಗೆ ಅನ್ನಿಸಿದ್ದೇ ಇಲ್ಲ, ಕಾಲು ಓಡಿತು, ಅವಳು ಅದರ ಮೇಲೆ ಕೂತು ಹೋದಳು. ಬೀದಿಗೆ ಸುತ್ತಿ ಬಂದು ನಿಂತಾಗ ಇದೇ ಬೀಗದವನು ನೊರೆಯ ಗಲ್ಲ ಒರೆಸಿಕೊಳ್ಳುತ್ತಾ “ತಂಗಿ ಎಲ್ಲಿ ಅಕ್ಕಾ?” ಎಂದ. ಅವಳು ಒಮ್ಮೆ ದಿಂಬಿನ ಕಡೆ ನೋಡಿಕೊಂಡು, “ಬರ್ತಿದಾಳೆ,” ಎಂದಿದ್ದಳು.

ನೆಲ ಅಷ್ಟರಲ್ಲಿ ಸುಮ್ಮನಾಗಿತ್ತು. ಹಿತ್ತಿಲಿಂದಲೇ ಒಳಗೆ ಹೋದಳು. ತಂಗಿ ಚಾಪೆಯ ಮೇಲೆ ಎದ್ದು ಕೂತು ತಲೆ ಕೆರೆದುಕೊಳ್ಳುತ್ತಿದ್ದಳು, ಕೂದಲ ತುಂಬ ಸುಣ್ಣದ ಧೂಳು. ಪಾಪ, ಏನೂ ತಿಳಿಯದೆ ನಿದ್ದೆ ಹೊಡೆದಿದ್ದಾಳೆ ಎಂದುಕೊಂಡು ಅಕ್ಕ ಅವಳ ತಲೆ ಒರೆಸಿದಳು. ಅಲ್ಲಿಗೆ ಮುಗಿಯಿತು. ಆದರೆ ನಲ್ಲಿಯ ಕೆಳಗೆ ಬಕೆಟ್ಟು ಇಡುವಾಗ, ಕಾಜಾ ಹೊಲಿಯುವಾಗ, ಸೂಜಿಯ ಕಣ್ಣಿಗೆ ದಾರ ತೂರಿಸಲು ನಾಲಿಗೆಯಲ್ಲಿ ತುದಿ ಒದ್ದೆ ಮಾಡುವಾಗ, ‘ಬರ್ತಿದಾಳೆ’ ಎಂದ ಆ ಒಂದು ಮಾತು ಬಂದು ಎದುರಿಗೆ ಕೂರುತ್ತಿತ್ತು. ಇನ್ನೊಮ್ಮೆ ನಡುಗಿದರೆ? ನಗರಸಭೆಯವರು ಗಾಡಿಗೆ ಮೈಕು ಕಟ್ಟಿಕೊಂಡು ಬಂದು, ಮತ್ತೆ ನಡುಗಬಹುದು, ಮನೆಮನೆಯಲ್ಲೂ ಒಬ್ಬೊಬ್ಬರಿಗೂ ಒಂದೊಂದು ಚೀಲ ತಯಾರಿಟ್ಟುಕೊಳ್ಳಿ ಎಂದು ಸಾರಿ ಹೋದ ಮೇಲಂತೂ ಅವಳಿಗೆ ತನ್ನ ಕಾಲುಗಳನ್ನು ಕಂಡರೆ ಭಯವಾಗುತ್ತಿತ್ತು. ಮನೆಗೆ ಬಂದು ಉಳಿದ ದೂರದ ನೆಂಟರ ಹಾಗೆ ಅವು: ಏನು ತಿನ್ನುತ್ತಾರೆ, ಯಾವಾಗ ಹೊರಡುತ್ತಾರೆ, ಒಂದೂ ಹೇಳುವಂತಿಲ್ಲ. ಅಂಗಡಿಯಲ್ಲಿ ಎಲ್ಲವೂ ಸಿಗುತ್ತಿತ್ತು. ಮತ್ತೆ ನಡುಗಿದಾಗ ತಂಗಿಯನ್ನು ಬಿಟ್ಟು ಓಡದ ಕಾಲು ಮಾತ್ರ ಯಾವ ಕಪಾಟಿನಲ್ಲೂ ಇರಲಿಲ್ಲ.

“ಟಾರ್ಚು ಯಾವುದು ಬೇಕು?” ಅಂಗಡಿಯವನು ಕೇಳಿದ. “ಇದು ದೂರ ಹೊಡೆಯತ್ತೆ ನೋಡಿ. ಆ ಕಡೆ ಬೆಟ್ಟದ ಮೇಲೆ ಕುರಿ ಮೇಯ್ತಿದ್ರೂ ಕಾಣ್ಸತ್ತೆ.”

ಕೈಯಲ್ಲಿ ಹಿಡಿಯುವ ಟಾರ್ಚನ್ನು ನೋಡಿ ಅವಳು ಬೇಡ ಎಂದು ತಲೆಯಾಡಿಸಿದಳು. ಆ ಕ್ಷಣದಲ್ಲಿ ಹೊಳೆದ ವಿಷಯ ಇಷ್ಟು ವರ್ಷ ಒಂದೇ ಸೂರಿನಡಿ ಬದುಕಿಯೂ ಹೊಳೆದಿರಲಿಲ್ಲ. ತಂಗಿಯ ಮಾತೆಲ್ಲ ಕೈಯಲ್ಲಿ. ಕೈ ಕಂಡರೆ ಮಾತು, ಕಾಣದಿದ್ದರೆ ಇಲ್ಲ. ಕರೆಂಟು ಹೋದ ಸಂಜೆಗಳಲ್ಲಿ ಇಬ್ಬರೂ ಎಷ್ಟು ಬೇಗ ಸುಮ್ಮನಾಗುತ್ತಿದ್ದರು, ಮೇಣದಬತ್ತಿ ಹಚ್ಚಿದ ಕೂಡಲೆ ತಂಗಿ ಅರ್ಧಕ್ಕೆ ನಿಂತ ಜಗಳವನ್ನು ನಿಂತಲ್ಲಿಂದಲೇ ಹೇಗೆ ಎತ್ತಿಕೊಳ್ಳುತ್ತಿದ್ದಳು. ಕತ್ತಲೆಂದರೆ ಬೇರೆಯವರಿಗೆ ದಾರಿ ಕಾಣದ ಕಷ್ಟ, ಅವಳಿಗೆ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಒಂದು ಕೈಯಲ್ಲಿ ಟಾರ್ಚು ಹಿಡಿದರೆ ಅರ್ಧ ನಾಲಿಗೆ ಕಟ್ಟಿದಂತೆ. “ತಲೆಗೆ ಕಟ್ಟಿಕೊಳ್ಳೋದು ಇದೆಯಾ?” ಎಂದು ಕೇಳಿದಳು. ಗಣಿಯವರು ಕಟ್ಟಿಕೊಳ್ಳುವಂಥದ್ದು ಇತ್ತು. ಗೋದಾಮಿನ ಕತ್ತಲಲ್ಲಿ ನೋಡುತ್ತೇನೆ ಎಂದು ಒಳಗೆ ಹೋಗಿ, ಸಿಮೆಂಟಿನ ಮೂಟೆಗಳ ನಡುವೆ ನಿಂತು, ಪಟ್ಟಿಯನ್ನು ಹಣೆಗೆ ಬಿಗಿದು ಗುಂಡಿ ಒತ್ತಿದಳು.

ಎದುರಿನ ಗೋಡೆ ಎದ್ದು ನಿಂತಿತು. ಅವಳು ಎರಡೂ ಕೈ ಎತ್ತಿ, ಮನೆಯಲ್ಲಿ ಹೇಳುವ ಹಾಗೆ, “ಊಟ ಆಯ್ತಾ?” ಎಂದಳು. ಗೋಡೆಯ ಮೇಲೆ ಆಳೆತ್ತರದ ಕೈಗಳು ಎದ್ದು ಅದನ್ನೇ ಕೇಳಿದವು. “ಇಲ್ಲಿದೀನಿ,” ಎಂದಳು. ಇಲ್ಲಿದೀನಿ ಎಂದಿತು ಗೋಡೆ. ಕೋಣೆಯಲ್ಲಿ ಒಂದು ಸದ್ದಿಲ್ಲ, ಸಿಮೆಂಟಿನ ಧೂಳು ಮಾತ್ರ ಬೆಳಕಿನ ಕೋಲಿನೊಳಗೆ ತಿರುಗುತ್ತಿತ್ತು. ಆ ಸದ್ದಿಲ್ಲದ ಜಾಗದಲ್ಲಿ ಅಷ್ಟು ದೊಡ್ಡ ಮಾತು. ತಂಗಿಗೆ ದಿನವೂ ಜಗತ್ತು ಹೀಗೇ ಮಾತಾಡುತ್ತದೋ ಏನೋ, ಗೋಡೆಯಷ್ಟು ಎತ್ತರದ ಮಾತು. ಗುಂಡಿ ಆರಿಸಲು ಮನಸ್ಸಾಗದೆ ನಿಂತಳು.

“ಯಾರ ಹತ್ರ ಮಾತಾಡ್ತಿದೀರಿ ಅಲ್ಲಿ?” ಗೋಡೆಯ ಮೇಲೆ ಆಡುವ ಕೈನೆರಳು ಕಂಡು ಅಂಗಡಿಯವನು ಹೊರಗಿಂದ ಕೂಗಿದ.

“ನಿನ್ನ ಸಿಮೆಂಟಿನ ಹತ್ರ. ತೂಕ ಕಡಿಮೆ ಇದೆಯಂತೆ, ದೂರು ಹೇಳ್ತಿದೆ.”

ಹಣೆಯ ಟಾರ್ಚು ಎರಡು, ಟಾರ್ಪಾಲಿನ್, ಹಗ್ಗ, ಮುಚ್ಚಳ ಗಟ್ಟಿಯಿರುವ ನೀರಿನ ಕ್ಯಾನು, ಸೀಟಿ ಒಂದು. ಔಷಧಿ ಅಂಗಡಿಯಲ್ಲಿ ಹತ್ತಿ, ಬ್ಯಾಂಡೇಜು, ಭೇದಿಯಾದರೆ ನೀರಿಗೆ ಕಲಸಿ ಕುಡಿಯುವ ಪುಡಿ. ಪುಡಿಯ ಪೊಟ್ಟಣ ಅಂಗೈಯಲ್ಲಿ ಇತ್ತೋ ಇಲ್ಲವೋ ಎನ್ನುವಷ್ಟು ಹಗುರ. ಒಂದಿಷ್ಟು ಉಪ್ಪು, ಒಂದಿಷ್ಟು ಸಿಹಿ. ಮೈಯೆಂಬ ಇಷ್ಟು ದೊಡ್ಡ ಸಂಸಾರ ನಿಂತಿರುವುದು ಇದರ ಮೇಲೆ ಎಂದರೆ ನಂಬುವುದು ಹೇಗೆ? ಮನೆಗೆ ಬಂದು ಕ್ಯಾನಿಗೆ ನೀರು ತುಂಬಿ ಎತ್ತಲು ಹೋದಾಗ ಮಾತ್ರ ಸೊಂಟ ಹಿಡಿದುಕೊಂಡಿತು. ನಲ್ಲಿ ತಿರುಗಿಸಿದರೆ ಬರುವ, ಕೈ ತೊಳೆದು ಚೆಲ್ಲುವ, ಹನಿ ಹನಿಯಾಗಿ ಸೋರುತ್ತಿದ್ದರೂ ಯಾರೂ ಎದ್ದು ಹೋಗದ ಈ ನೀರು ಇಷ್ಟು ಭಾರವೇ. ಇಷ್ಟು ವರ್ಷ ಈ ಭಾರವನ್ನು ಯಾರು ಹೊತ್ತು ತಂದು ನಲ್ಲಿಯ ಬಾಯಿಗೆ ಮುಟ್ಟಿಸುತ್ತಿದ್ದರು? ಒಂದು ಕ್ಷಣ ಅವಳಿಗೆ ಮನೆಯ ಗೋಡೆಗಳು, ಅವುಗಳೊಳಗೆ ಓಡುವ ತಂತಿ, ಪೈಪು, ಅವುಗಳ ಕೆಳಗೆ ಅಲ್ಲಾಡದೆ ನಿಂತಿರುವ ನೆಲ, ಎಲ್ಲ ಯಾರೋ ಉಸಿರು ಬಿಗಿಹಿಡಿದು ಎತ್ತಿಕೊಂಡಿರುವ ಹೊರೆಯ ಹಾಗೆ ಕಂಡಿತು. ಅವರು ಒಮ್ಮೆ ಹೆಗಲು ಬದಲಾಯಿಸಿದರು, ಅಷ್ಟೆ. ಅದಕ್ಕೆ ತಾನು ದಿಂಬು ತಬ್ಬಿಕೊಂಡು ಓಡಿದ್ದು.

ಮುಂದಿನ ಕೋಣೆಯಲ್ಲಿ ತಂಗಿ ಮೆಷಿನ್ನಿನ ಮುಂದೆ ಕೂತು ಚೀಲ ಹೊಲಿಯುತ್ತಿದ್ದಳು. ಕೊಂಡ ಚೀಲದ ಹೊಲಿಗೆಯನ್ನು ಅವಳು ನಂಬುವವಳಲ್ಲ. ಯಾರೋ ಪರದೆಗೆಂದು ತಂದು ಬಿಟ್ಟುಹೋದ ಕ್ಯಾನ್ವಾಸು, ಅಂಚಿಗೆ ಎರಡು ಮಡಿಕೆ, ತಳಕ್ಕೆ ಮೂರು ಪದರ. ಅಕ್ಕ ಬಾಗಿಲಲ್ಲಿ ನಿಂತು ಹಿಮ್ಮಡಿಯಿಂದ ನೆಲ ಬಡಿದಳು. ಅದು ಆ ಮನೆಯ ಗಂಟೆ. ಗಿರಾಕಿ ಬಂದರೆ ಒಂದು ಬಡಿತ, ಊಟಕ್ಕೆ ಎರಡು, ‘ಬಾ ಇಲ್ಲಿ’ ಎನ್ನಲು ಬಿಡದೆ ಬಡಿಯುವುದು. ಅವರಮ್ಮ ಶುರು ಮಾಡಿದ್ದು, ಕೂಸು ತೆವಳುವ ಕಾಲದಲ್ಲಿ. ಎಷ್ಟೇ ಜೋರಾಗಿ ಮೆಷಿನ್ನು ಓಡುತ್ತಿದ್ದರೂ ತಂಗಿಯ ಬರಿಗಾಲಿಗೆ ಅದು ತಿಳಿಯುತ್ತದೆ. ಈಗಲೂ ತಿರುಗಿ ನೋಡಿದಳು. ಚೀಲ ಎತ್ತಿ ತೋರಿಸಿದಳು.

ಚೀಲಕ್ಕೆ ಹೆಗಲ ಪಟ್ಟಿ ಇರಲಿಲ್ಲ. ಎರಡು ಪಕ್ಕಕ್ಕೆ ಎರಡು ದಪ್ಪ ಹಿಡಿ. ಇಬ್ಬರು ಆಚೆ ಒಬ್ಬರು ಈಚೆ ಒಬ್ಬರು ಹಿಡಿದರೆ ಮಾತ್ರ ಏಳುವ ಚೀಲ.

ಅಕ್ಕನ ಮುಖ ಬಿಸಿಯಾಯಿತು. ಮೈಕಿನವನು ಹೇಳಿದ್ದು ಒಬ್ಬೊಬ್ಬರಿಗೂ ಒಂದೊಂದು, ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಇವಳು ಬೇಕೆಂದೇ ಹೀಗೆ ಹೊಲಿದಿದ್ದಾಳೆ. ಗೊತ್ತಿದೆ ಇವಳಿಗೆ. ಮಾತು ಬಾರದವಳು ಬಟ್ಟೆಯಲ್ಲಿ ಹೇಳುತ್ತಿದ್ದಾಳೆ: ನೋಡೋಣ ಈ ಸಲ ಒಬ್ಬಳೇ ಹೇಗೆ ಹೋಗುತ್ತೀ ಅಂತ. “ಇದೇನೇ ಇದು?” ಎಂದಳು ಕೈಯಲ್ಲಿ. ಸಿಟ್ಟಿಗೆ ಕೈ ಗಡುಸಾಗಿ ಬಂತು. “ಎರಡು ಹಿಡಿ ಯಾಕೆ?”

ತಂಗಿ ಅವಳನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. “ಭಾರ ಇರತ್ತೆ,” ಎಂದಳು. “ನಿನಗೆ ಸೊಂಟ ನೋವು. ನನಗೆ ಭುಜ ನೋವು. ಮತ್ತೇನು, ಕತ್ತೆ ಬಾಡಿಗೆಗೆ ತರ್ತೀಯ?”

ಅಷ್ಟೆ. ಅದರ ಹಿಂದೆ ಏನೂ ಇರಲಿಲ್ಲ. ಅಥವಾ ಇತ್ತೋ. ಅಕ್ಕ ತಂದ ಸಾಮಾನು ಮೇಜಿನ ಮೇಲೆ ಇಡುತ್ತಾ ಹೋದಳು, ತಂಗಿ ಒಂದೊಂದನ್ನೂ ಮೂಸಿ ನೋಡಿದಳು, ಬೆರಳಲ್ಲಿ ಎಳೆದು ನೋಡಿದಳು. ಹಗ್ಗಕ್ಕೆ ಸರಿ ಎಂದಳು. ಟಾರ್ಪಾಲಿನ್ನಿನ ಅಂಚು ಸರಿಯಿಲ್ಲ, ಮತ್ತೊಂದು ಹೊಲಿಗೆ ಹಾಕಬೇಕು ಎಂದಳು. ಹಣೆಯ ಟಾರ್ಚು ಕಟ್ಟಿಕೊಂಡು ಕನ್ನಡಿಯ ಮುಂದೆ ಹೋಗಿ ಮದುವಣಗಿತ್ತಿಯಂತೆ ಎಡಕ್ಕೂ ಬಲಕ್ಕೂ ತಿರುಗಿದಳು. ಆಮೇಲೆ ಸೀಟಿ ಕಂಡಿತು. ಅಕ್ಕ ಸಾಮಾನು ತಂದ ಚೀಲದ ಮೂಲೆಗಳನ್ನೆಲ್ಲ ಹುಡುಕಿದಳು.

“ನಂದೆಲ್ಲಿ?”

“ಒಂದೇ ತಂದೆ. ನಿನಗ್ಯಾಕೆ? ನಿನಗೆ ಕೇಳ್ಸೋದಿಲ್ಲವಲ್ಲ.”

“ಊದೋದಕ್ಕೆ ಕಿವಿ ಬೇಕಾ?” ಎಂದಳು ತಂಗಿ. “ಬಾಯಿ ಇದೆ. ಕೇಳ್ಸಬೇಕಾದ್ದು ನಿನಗೆ.”

ಮತ್ತೆ ಕಾಯದೆ ಬಾಯಿಗಿಟ್ಟು ಊದಿಯೇ ಬಿಟ್ಟಳು. ಎದುರಿನ ಸೂರಿನಿಂದ ಪಾರಿವಾಳಗಳು ಒಟ್ಟಿಗೆ ಎದ್ದವು, ನಾಯಿ ಬೊಗಳಿತು, ಬೀಗದವನು ಉಳಿ ಹಿಡಿದುಕೊಂಡೇ ಬಾಗಿಲಿಗೆ ಬಂದ, ಅಕ್ಕ ಕಿವಿ ಮುಚ್ಚಿಕೊಂಡಳು. ಇಷ್ಟೆಲ್ಲದರ ನಡುವೆ ಊದಿದವಳೊಬ್ಬಳು ಮಾತ್ರ ಏನೂ ಆಗದವಳಂತೆ, ತನ್ನ ಹಲ್ಲಿನ ಮೇಲೆ ಬೆರಳಿಟ್ಟು ಅದರ ನಡುಕವನ್ನು ಮುಟ್ಟಿ ನೋಡುತ್ತಿದ್ದಳು. ಹೀಗೆ ಊರನ್ನೇ ಎಬ್ಬಿಸುವ ಶಕ್ತಿ ತನ್ನ ಉಸಿರಿನಲ್ಲಿದೆ ಎಂದು ಅವಳಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಮುಖ ತುಂಬ ನಗು.

“ಸರಿ,” ಎಂದಳು. “ನಾನು ಊದಿದ್ರೆ ನೀನು ಬರ್ತೀಯ. ನನ್ನನ್ನ ಕರೆಯೋಕೆ ನೀನು ಏನು ಮಾಡ್ತೀಯ?”

“ಕಾಲು ಬಡೀತೀನಿ. ಯಾವಾಗಲೂ ಬಡಿಯೋ ಹಾಗೆ.”

ತಂಗಿ ತಲೆ ಅಲ್ಲಾಡಿಸಿದಳು. “ಅದು ಆಗೋದಿಲ್ಲ. ನೆಲಾನೂ ಬಡಿಯತ್ತೆ. ಯಾವುದು ನೀನು, ಯಾವುದು ನೆಲ ಅಂತ ನಿದ್ದೆಗಣ್ಣಲ್ಲಿ ಗೊತ್ತಾಗಲ್ಲ. ಅವತ್ತು ಹಾಗೇ ಆಯ್ತಲ್ಲ.”

“ಅವತ್ತು ಏನಾಯ್ತು?”

“ನೀನು ಕರೀತಿದೀಯ ಅನ್ಕೊಂಡೆ.” ತಂಗಿಯ ಕೈಗಳು ಬಟ್ಟೆ ಮಡಿಚುವಾಗಿನ ಹಾಗೆ ನಿಧಾನವಾಗಿ, ಸಲೀಸಾಗಿ ಹೇಳುತ್ತಿದ್ದವು. “ಬಿಡದೆ ಬಡೀತಿದೀಯ. ಏನೋ ಅವಸರ ಇರಬೇಕು ಅಂತ ಎದ್ದು ಒಳಗೆ ಬಂದೆ. ಗೋಡೆ ಹಿಡ್ಕೊಂಡು ಬಂದೆ, ತಲೆ ತಿರುಗ್ತಿದೆ ಅನ್ನಿಸ್ತು. ನಿನ್ನ ಮಂಚದ ಮೇಲೆ ಸೂರಿನ ಗಾರೆ ಬಿದ್ದಿತ್ತು. ನೀನು ಅಡಿಯಲ್ಲಿದೀಯ ಅಂತ ಸರಿಸಿ ಸರಿಸಿ ನೋಡಿದೆ. ಇರಲಿಲ್ಲ. ದಿಂಬೂ ಇರಲಿಲ್ಲ. ದಿಂಬು ತಗೊಂಡು ಹೋಗಿದಾಳೆ ಅಂದ್ರೆ ಆರಾಮಾಗೇ ಇದಾಳೆ, ಎಲ್ಲೋ ತಂಪಾಗಿರೋ ಕಡೆ ಮಲಗೋಕೆ ಹೋಗಿದಾಳೆ, ಸದ್ಯ, ಅನ್ಕೊಂಡೆ. ಹೋಗಿ ಮತ್ತೆ ಕೂತೆ.”

ಅಕ್ಕ ತಲೆ ಎತ್ತಿದಳು. ಮುಂದಿನ ಕೋಣೆಯ ಸೂರನ್ನು ನೋಡಿದಳು. ಒಂದು ಬಿರುಕಿಲ್ಲ, ಒಂದು ಚಕ್ಕೆ ಎದ್ದಿಲ್ಲ. ಅಮ್ಮ ಬಳಿಸಿದ ಸುಣ್ಣ ಹಾಗೇ ಇದೆ. ಹಾಗಾದರೆ ಅವತ್ತು ತಂಗಿಯ ಕೂದಲಲ್ಲಿದ್ದ ಧೂಳು ಎಲ್ಲಿಯದು? ಈ ಪ್ರಶ್ನೆ ಹೊಸದೇನಲ್ಲ. ತಲೆ ಒರೆಸುವಾಗಲೇ ಬಂದಿತ್ತು, ಬಂದು ಬಾಗಿಲಲ್ಲಿ ನಿಂತಿತ್ತು, ಒಳಗೆ ಬಾ ಎಂದು ಅವಳು ಅನ್ನಲಿಲ್ಲ. ತಿಂಗಳುಗಟ್ಟಲೆ ಅಲ್ಲೇ ನಿಂತಿತ್ತು. ನಿದ್ದೆಯಲ್ಲಿದ್ದಳು, ತಿಳಿಯಲಿಲ್ಲ, ಪುಣ್ಯ, ಎಂದು ತನಗೆ ತಾನೇ ಹೇಳಿಕೊಂಡ ಮಾತನ್ನು ಎಷ್ಟು ಸಲ ಮಡಿಚಿ, ಇಸ್ತ್ರಿ ಮಾಡಿ, ಗೂಟಕ್ಕೆ ಹಾಕಿದ್ದಳು. ನೆಲವೇ ಬಾಯಿಬಿಟ್ಟು ನುಂಗಲು ಬಂದ ಹೊತ್ತಿನಲ್ಲಿ ಇವಳು ಅದನ್ನು ಅಕ್ಕನ ಕಾಲಿನ ಸದ್ದು ಎಂದು ತಿಳಿದಳು. ಊರೆಲ್ಲ ಹೊರಗೆ ಓಡುವಾಗ ಅಕ್ಕ ಕರೆದಳು ಎಂದು ಒಳಗೆ ನಡೆದಳು.

“ನನಗೆ ಯಾಕೆ ಹೇಳಲಿಲ್ಲ?” ಅವಸರಕ್ಕೆ ಕೈಯ ಮಾತು ಅಕ್ಷರ ಕಲಸಿಹೋದ ಹಾಗೆ ಕಲಸಿಹೋಯಿತು. ಎರಡನೆಯ ಸಲ ಹೇಳಬೇಕಾಯಿತು.

“ನೀನು ಕೇಳಲಿಲ್ಲ.” ತಂಗಿ ಸೀಟಿಯ ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡಳು. “ಈಗ ಗೊತ್ತಾಗತ್ತೆ ಬಿಡು. ಆಮೇಲಾಮೇಲೆ ಸಣ್ಣಸಣ್ಣ ನಡುಕ ಬಂದಿದೆಯಲ್ಲ, ನಿಮಗ್ಯಾರಿಗೂ ತಿಳಿಯದ್ದು, ಅದರಲ್ಲಿ ಕಲಿತೆ. ನೀನು ಬಡಿಯುವಾಗ ಪ್ರತಿ ಸಲ ಕಾಲು ಎತ್ತುತ್ತೀಯ. ನಡುವೆ ಒಂದು ಖಾಲಿ ಇರತ್ತೆ. ನೆಲ ಕಾಲು ಎತ್ತೋದಿಲ್ಲ.”

ಬೀಗದವನು ಅಷ್ಟರಲ್ಲಿ ಬೀದಿ ದಾಟಿ ಬಂದು ಕಿಟಕಿಯಲ್ಲಿ ತಲೆ ತೂರಿಸಿದ. “ಏನಕ್ಕಾ, ಎದೆ ಒಡೆದು ಹೋಯ್ತು ನಂದು. ಯಾರು ಊದಿದ್ದು?”

“ಇವಳು.”

“ಇವರಾ? ಇಷ್ಟು ವರ್ಷ ಸೇರಿಸಿಟ್ಟಿದ್ದನ್ನೆಲ್ಲ ಒಂದೇ ಸಲ ಊದಿಬಿಟ್ರಲ್ಲ.” ಅವನು ಎರಡು ಕೈ ಮೇಲೆತ್ತಿ ತಂಗಿಗೆ ಚಪ್ಪಾಳೆಯ ಸನ್ನೆ ಮಾಡಿದ. ಅವಳು ಸೀಟಿ ಹಿಡಿದು ಇನ್ನೊಂದು ಊದಲಾ ಎಂದು ಕೇಳಿದಳು. ಅವನು ಉಳಿ ಬಿಟ್ಟು ಓಡಿದ.

ಆಮೇಲಿನ ದಿನಗಳಲ್ಲಿ ಅಕ್ಕ ಮನೆಯೊಳಗೆ ಚಪ್ಪಲಿ ಹಾಕುವುದನ್ನು ಬಿಟ್ಟಳು. ತರಕಾರಿ ಹೆಚ್ಚುತ್ತಾ, ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಗಿರಾಕಿಯ ಎದುರು ನಿಂತಿರುವಾಗಲೇ, ಅಂಗಾಲನ್ನು ನೆಲಕ್ಕೆ ಒತ್ತಿ ಕಾಯುತ್ತಿದ್ದಳು. ಏನೂ ತಿಳಿಯುತ್ತಿರಲಿಲ್ಲ. ತಣ್ಣಗಿದೆ, ಒರಟಾಗಿದೆ, ಅಷ್ಟೆ. ಆದರೆ ತಂಗಿ ಮೆಷಿನ್ನು ತುಳಿಯುತ್ತಾ ಇದ್ದಕ್ಕಿದ್ದಂತೆ ಪೆಡಲ್ ನಿಲ್ಲಿಸಿ, ತಲೆ ಸ್ವಲ್ಪ ಓರೆ ಮಾಡಿ, ಆಮೇಲೆ ಮತ್ತೆ ತುಳಿಯುವುದನ್ನು ಎಷ್ಟು ವರ್ಷದಿಂದ ನೋಡಿಯೂ ಗಮನಿಸಿರಲಿಲ್ಲ ಅವಳು. ದಾರ ತುಂಡಾಗಿರಬೇಕು ಎಂದುಕೊಂಡಿದ್ದಳು. ದೂರದ ಲಾರಿ, ಪಕ್ಕದ ಮನೆಯ ಒನಕೆ, ಇನ್ನೂ ಕೆಳಗೆ, ಎಲ್ಲಕ್ಕಿಂತ ಕೆಳಗೆ, ಹೆಸರಿಲ್ಲದ ಏನೋ. ತನ್ನ ಎರಡು ಕಿವಿಗೂ ಕೇಳದ ಒಂದು ದೊಡ್ಡ ಮಾತು ಹಗಲಿಡೀ ಈ ಮನೆಯ ಅಡಿಯಲ್ಲಿ ನಡೆಯುತ್ತಲೇ ಇತ್ತು, ಇವಳು ಅದನ್ನು ಕೇಳಿಸಿಕೊಳ್ಳುತ್ತಾ ರವಿಕೆ ಹೊಲಿಯುತ್ತಿದ್ದಳು. ಅಮ್ಮ ಸಾಯುವಾಗ ಇವಳನ್ನು ನೋಡಿಕೋ ಎಂದು ಕೈ ಹಿಡಿದು ಹೇಳಿದ್ದಳು. ನೋಡಿಕೊಂಡೇ ಬಂದೆ ಎಂದು ಅಕ್ಕ ತಿಳಿದಿದ್ದಳು. ಯಾರು ಯಾರನ್ನು ಎಂದು ಈಗ ಗಂಟು ಬಿಡಿಸಲು ಹೋದರೆ ದಾರದ ತುದಿಯೇ ಸಿಗುತ್ತಿರಲಿಲ್ಲ. ಕಾಲುಗಳ ಪ್ರಶ್ನೆ ಮಾತ್ರ ಹಾಗೇ ಇತ್ತು. ಗೊತ್ತಾದ ಮೇಲೆ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆಗ ತಿಳಿಯದೆ ಓಡಿದ್ದೆ ಎನ್ನಬಹುದಿತ್ತು. ಇನ್ನು ಓಡಿದರೆ ಏನೆನ್ನುವುದು?

ಒಂದು ಬೆಳಿಗ್ಗೆ ಮುಂದಿನ ಕೋಣೆಯ ಮೇಜಿನ ಪಕ್ಕ ಕೂತು ಚೀಲಕ್ಕೆ ಕೊನೆಯ ಸಾಮಾನು ತುಂಬುತ್ತಿದ್ದರು. ಗಿರಾಕಿಗಳಿಗೆ ಇನ್ನೂ ಬಾಗಿಲು ತೆರೆದಿರಲಿಲ್ಲ. ಬ್ಯಾಂಡೇಜಿನ ಸುರುಳಿಗಳನ್ನು ಅಕ್ಕ ತಳಕ್ಕಿಟ್ಟರೆ ತಂಗಿ ತೆಗೆದು ಮೇಲಿಡುತ್ತಿದ್ದಳು, ರಕ್ತ ಸುರಿಯುವಾಗ ತಳ ಹುಡುಕುತ್ತಾ ಕೂರ್ತೀಯ ಎಂದು ಬೈಯುತ್ತಿದ್ದಳು. ಒಳಗೆ ಒಲೆಯ ಮೇಲೆ ಹಾಲಿಟ್ಟದ್ದು ಅಕ್ಕನಿಗೆ ನೆನಪಾಯಿತು. ಎದ್ದಳು. ಅಷ್ಟರಲ್ಲಿ ತಂಗಿ ಅವಳ ಮಣಿಕಟ್ಟು ಹಿಡಿದಳು.

“ಬಿಡೆ, ಹಾಲು ಉಕ್ಕತ್ತೆ,” ಎಂದಳು ಅಕ್ಕ ಬಾಯಲ್ಲಿ, ಆಮೇಲೆ ಇನ್ನೊಂದು ಕೈಯಲ್ಲಿ. ತಂಗಿ ಬಿಡಲಿಲ್ಲ. ಅವಳ ಮುಖ ಅಕ್ಕನ ಕಡೆ ಇರಲೇ ಇಲ್ಲ. ಕಣ್ಣು ಎಲ್ಲೂ ನಿಲ್ಲದೆ ಅಗಲವಾಗಿತ್ತು, ತುಂಬ ದೂರದಿಂದ ಬರುತ್ತಿರುವ ಯಾರನ್ನೋ ಗುರುತು ಹಿಡಿಯುತ್ತಿರುವವಳ ಮುಖ. ಅಕ್ಕ ಕೈ ಕೊಡವಲು ಹೊರಟಳು, ಆಗ ಬಂತು.

ಮೊದಲು ಡಬ್ಬಿಯೊಳಗಿನ ಗುಂಡುಸೂಜಿಗಳು ಪಿಸುಗುಟ್ಟಿದವು. ಆಮೇಲೆ ಕತ್ತರಿ ಮೇಜಿನ ಮೇಲೆ ತಾನೇ ಎರಡು ಹೆಜ್ಜೆ ನಡೆಯಿತು. ಗೂಟಗಳಲ್ಲಿ ನೇತು ಹಾಕಿದ್ದ ಊರವರ ಅಂಗಿಗಳು, ಲಂಗಗಳು, ಕೋಟುಗಳೆಲ್ಲ ಒಳಗೆ ಮೈಯಿದ್ದವುಗಳಂತೆ ಒಂದೇ ಕಡೆಗೆ ವಾಲಿ, ಒಂದೇ ಕಡೆಗೆ ಹಿಂತಿರುಗಿದವು. ಕನ್ನಡಿಯಲ್ಲಿ ಬೀದಿ ಏರಿ ಇಳಿಯಿತು. ಸದ್ದು ಬರುತ್ತಿದ್ದುದು ಕಿವಿಯಿಂದಲ್ಲ, ಎದೆಯ ಗೂಡಿನಿಂದ. ಎಷ್ಟೋ ದೊಡ್ಡದಾದ ಒಂದು ಬೆನ್ನು ಮಗ್ಗುಲು ಬದಲಾಯಿಸುತ್ತಿದೆ, ಅದಕ್ಕೆ ಈ ಮನೆ, ಬೀದಿ, ಬೀಗ, ಕೀಲಿ ಯಾವುದರ ಮೇಲೂ ಸಿಟ್ಟಿಲ್ಲ, ಇವು ಇರುವುದೇ ಅದಕ್ಕೆ ಗೊತ್ತಿಲ್ಲ. ನೆಲ ಕಾಲು ಎತ್ತಲಿಲ್ಲ. ನಡುವೆ ಎಲ್ಲೂ ಒಂದು ಖಾಲಿ ಇರಲಿಲ್ಲ. ಅಕ್ಕನ ಬಾಯಿ ತೆರೆದೇ ಇತ್ತು. ಭಯವೇ ಇರಬೇಕು, ಆದರೆ ಭಯಕ್ಕೆ ಇಷ್ಟು ಅಗಲ ಇರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಅದರ ನಡುವೆಯೇ ಒಂದು ಸಣ್ಣ, ಸ್ವಚ್ಛವಾದ ಸಂತೋಷ: ನಾನು ಓಡುತ್ತಿಲ್ಲ. ನಿಂತಿದ್ದೇನೆ. ನೋಡುತ್ತಾ ನಿಂತಿದ್ದೇನೆ. ಕಾಲು ನನ್ನ ಮಾತು ಕೇಳಿತು.

ನಿಂತಿತು. ಕೋಟುಗಳು ಇನ್ನೂ ಸ್ವಲ್ಪ ತೂಗಿ, ಒಂದೊಂದಾಗಿ ಸುಮ್ಮನಾದವು. ಬೀದಿಯಲ್ಲಿ ಕೂಗು ಎದ್ದಿತು.

ಅಕ್ಕ ತಂಗಿಗೆ ಹೇಳಲೆಂದು ತಿರುಗಿದಳು. ತಂಗಿ ಪಕ್ಕದಲ್ಲಿ ಇರಲಿಲ್ಲ, ಕೆಳಗಿದ್ದಳು. ನೆಲದ ಮೇಲೆ ಕೂತು, ಎರಡು ಹಿಮ್ಮಡಿಗಳನ್ನೂ ಬಾಗಿಲ ಹೊಸ್ತಿಲಿಗೆ ಒದ್ದು ಆನಿಸಿ, ಬೆನ್ನು ಹಿಂದಕ್ಕೆ ಬಾಗಿಸಿ, ಎರಡೂ ಕೈಯಲ್ಲಿ ಅಕ್ಕನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು, ಬಾವಿಯಿಂದ ತುಂಬಿದ ಕೊಡ ಸೇದುವವಳ ಹಾಗೆ. ಅವಳ ಸೀರೆಯ ಅಂಚು ಹರಿದಿತ್ತು. ಮೊಣಕೈ ತರಚಿ ಕೆಂಪಾಗಿತ್ತು. ಮೇಜು ಎಲ್ಲಿ ಎಂದು ಅಕ್ಕ ಹುಡುಕಿದಳು. ಮೇಜು ಇದ್ದಲ್ಲೇ ಇತ್ತು, ಕೋಣೆಯ ಆ ತುದಿಯಲ್ಲಿ. ಅವರಿಬ್ಬರೂ ಒಳಕೋಣೆಯ ಬಾಗಿಲಲ್ಲಿದ್ದರು. ಅಲ್ಲಿಂದ ಹಿತ್ತಿಲ ಬಾಗಿಲಿಗೆ ನಾಲ್ಕು ಹೆಜ್ಜೆ.

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಎಳೆದೆನಾ?” ಒಂದೇ ಕೈಯಲ್ಲಿ ಕೇಳಿದಳು. ಇನ್ನೊಂದು ಕೈ ಅವಳದಾಗಿರಲಿಲ್ಲ.

ತಂಗಿ ಉಸಿರಿಗಾಗಿ ಬಾಯಿ ತೆರೆದು ಕೂತಿದ್ದಳು. ಒಂದು ಕೈ ಮಾತ್ರ ಬಿಡಿಸಿಕೊಂಡು ಹೇಳಿದಳು. “ಎತ್ತು ಎಳೆದ ಹಾಗೆ. ಮೇಜಿನಿಂದ ಇಲ್ಲೀ ತನಕ ನನ್ನ ಮೈಯಲ್ಲಿ ಕೋಣೆ ಗುಡಿಸಿದೀಯ.”

ನಾಚಿಕೆ ಈಗ ಬರುತ್ತದೆ ಎಂದು ಅಕ್ಕ ಕಾದಳು. ಬರಬೇಕಾದ ದಾರಿ ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಬರಲಿಲ್ಲ. ಮಣಿಕಟ್ಟಿನ ಮೇಲೆ ತಂಗಿಯ ಬೆರಳುಗಳು ಒಂದೊಂದಾಗಿ ಕೆಂಪಗೆ ಮೂಡಿ ಬರುತ್ತಿದ್ದವು. ಅದನ್ನೇ ನೋಡುತ್ತಾ ನಿಂತಳು. ತಾನು ನಿಂತು ನೋಡುತ್ತಿದ್ದೇನೆ ಎಂದುಕೊಂಡಷ್ಟು ಹೊತ್ತೂ ಕಾಲು ಓಡುತ್ತಿತ್ತು. ಕಾಲು ಓಡುತ್ತಿದ್ದಷ್ಟು ಹೊತ್ತೂ ಈ ಕೈ ಹಿಡಿದಿತ್ತು. ತನ್ನ ಮೈಯೊಳಗೇ ತನಗೆ ಹೇಳದೆ ಕೇಳದೆ ನಡೆಯುವ ಒಂದು ಓಟ, ಆ ಓಟದಷ್ಟೇ ಬಲವಾಗಿ ಅದಕ್ಕೆ ಜೋತುಬಿದ್ದ ಈ ಬಡಕಲು ಕೈ. ಯಾವುದು ಹೆಚ್ಚು ದೊಡ್ಡದು ಎಂದು ಹೇಳುವುದು ಅವಳಿಂದ ಆಗಲಿಲ್ಲ.

“ಇನ್ನೊಂದು ಸಲ ಇದಕ್ಕಿಂತ ಜೋರಾಗಿ ಬಂದು, ನಿನಗೆ ಹಿಡಿಯೋಕೆ ಆಗದೇ ಹೋದ್ರೆ?”

ತಂಗಿ ತರಚಿದ ಮೊಣಕೈಗೆ ಉಗುಳು ಹಚ್ಚಿಕೊಳ್ಳುತ್ತಿದ್ದಳು. ಇದೇನು ಪ್ರಶ್ನೆ ಎಂಬ ಹಾಗೆ ಹುಬ್ಬೇರಿಸಿದಳು. “ಎಳ್ಕೊಂಡು ಹೋಗು,” ಎಂದಳು. “ಎಲ್ಲಿಗೆ ಎಳೀತೀಯೋ ಅಲ್ಲಿಗೆ ಬರ್ತೀನಿ. ಕೈ ಬಿಡು ಅಂದ್ರೆ ಮಾತ್ರ ನನಗೆ ಕೇಳ್ಸೋದಿಲ್ಲ.”

ಆಮೇಲೆ ಮೂಗು ಅರಳಿಸಿ, ಗಾಳಿ ಮೂಸಿ, ಅಕ್ಕನ ಕೈಯನ್ನೇ ಊರಿಕೊಂಡು ಎದ್ದಳು. ಹಾಲು ಉಕ್ಕಿ ಒಲೆ ತುಂಬಿ ಸೀಯುತ್ತಿತ್ತು. ಹಿಡಿದ ಮಣಿಕಟ್ಟನ್ನು ಬಿಡಲು ಅವಳಿಗೆ ಮರೆತೇಹೋಗಿತ್ತು, ಅಕ್ಕನೂ ನೆನಪಿಸಲಿಲ್ಲ. ಬಾಗಿಲು ಇಕ್ಕಟ್ಟಾದ್ದರಿಂದ ಇಬ್ಬರೂ ಮಗ್ಗುಲಾಗಿ, ಒಬ್ಬರನ್ನೊಬ್ಬರು ಎಳೆಯುತ್ತಾ, ಒಲೆ ಆರಿಸಲು ಹೋದರು.